ನಾಲ್ಕು ದಿನದ ಆಟ, ನಾಲ್ಕು ತಾಲ್ಲೂಕಿನ ನೋಟ

ಇಂಗ್ಲೆಂಡಿನಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥದು. ಅಲ್ಲಿಯ ಕೌಂಟಿಗಳು 1890ರಿಂದ ವಿಧ್ಯುಕ್ತವಾಗಿ ಕ್ರಿಕೆಟ್ ಪಂದ್ಯಾವಳಿಯನ್ನು ನಡೆಸಿಕೊಂಡು ಬಂದಿವೆ. ಅವುಗಳಲ್ಲೊಂದಾದ ಸಸೆಕ್ಸ್ ಪರವಾಗಿ ಆಡಿ ಕೀರ್ತಿ ಗಳಿಸಿದವರು ರಣಜಿತ್‌ಸಿಂಹಜಿ. ಅವರ ಹೆಸರಿನಲ್ಲಿಯೇ 1934ರಲ್ಲಿ ನಮ್ಮ ದೇಶದ ಪ್ರಾಂತ ಪಂದ್ಯಾವಳಿ ಆರಂಭವಾಯಿತು. ಹೀಗೆ ನಮ್ಮ ರಣಜಿ ಪಂದ್ಯಕ್ಕೆ ಹುಟ್ಟಿನಿಂದಲೇ ಕೌಂಟಿಯ ನಂಟು ಅಂಟಿಕೊಂಡಿದೆ. ಆದರೆ ಅಲ್ಲಿಯ ಪ್ರೇಕ್ಷಕ ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟರೆ ಸಂಜೆಗೆ ಮನೆ ಸೇರಬಲ್ಲ. ದಾಂಡೇಲಿಯವನೊ ಜೋಯಿಡಾದವನೊ ತನ್ನ ತಂಡವನ್ನು ಬೆಂಗಳೂರಿನಲ್ಲಿ ನೋಡಬೇಕಾದರೆ ಒಂದು ಇಡೀ ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಅಷ್ಟು ದೂರದ ತಂಡ 'ನಮ್ಮದು' ಆದದ್ದು ಹೇಗೆ, ಇಂದಿಗೂ ನಮ್ಮದಾಗಿ ಉಳಿದಿದೆಯೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕೂ ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆ. (ದಾಂಡೇಲಿಗೂ ಕ್ರಿಕೆಟ್ಟಿನ ದಾಂಡಿಗೂ ಸಂಬಂಧ ಹುಡುಕುವವರಿದ್ದಾರೆ, ಊರಿನ ಹೆಸರು ದಾಂಡೇಲಪ್ಪನದು, ಅಷ್ಟೆ.) ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದರು, ಅದು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. 1934ರ ನವೆಂಬರ್ 4ರಂದು ಚೆಪಾಕದಲ್ಲಿ ರಣಜಿಯ ಮೊತ್ತಮೊದಲ ಪಂದ್ಯ ನಡೆದು, ಮದರಾಸಿನೆದುರು ಮೈಸೂರು 48 ಮತ್ತು 59 ಓಟಗಳಿಗೆ ಕುಸಿದು, ಆಟ ಒಂದೇ ದಿನದಲ್ಲಿ ಮುಗಿದುಹೋದಾಗ ಹಳಿಯಾಳದಲ್ಲಿ ಯಾರೂ ನಿಟ್ಟುಸಿರು ಬಿಟ್ಟಿರಲಾರರು. ಅದು ಪರರಾಜ್ಯದ ಸೋಲು.

ದಾಂಡೇಲಿಗೆ ಕ್ರಿಕೆಟ್ ಬೇರೂರಿದ್ದು ಕಾರ್ಖಾನೆಗಳ ಜೊತೆಯಲ್ಲಿ ಎಂದು ನನ್ನ ಎಣಿಕೆ. ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಸ್ಥಾಪನೆಯಾದದ್ದು 1955ರಲ್ಲಿ. ನಾನಾ ಪ್ರಾಂತಗಳ ಜನ ಕಾಳಿ ನದಿಯ ದಡದಲ್ಲಿ ಒಂದೆಡೆ ಬಾಳತೊಡಗಿದರು. ಹಳಿಯಾಳದ ಪ್ರೀತಿ ಕುಸ್ತಿಯ ಅಖಾಡದ ಮೇಲೆ. ಮುಂಡಗೋಡದ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ ಜನರ ಮಕ್ಕಳು ಕಾಲ್ಚೆಂಡಿನ ಹಿಂದೆ ಓಡುವವರು. ಜೋಯಿಡಾದ ಮಳೆ ವರ್ಷದ ಮೂರನೆಯ ಒಂದು ಭಾಗವನ್ನು ಆಟಗಾರರ ಕೈಯಿಂದ ಕಿತ್ತುಕೊಳ್ಳುತ್ತದೆ. ಇವುಗಳ ನಡುವೆ ಕ್ರಿಕೆಟ್ ಇಲ್ಲಿ ಆಡುವುದಕ್ಕಿಂತ ಹೆಚ್ಚಾಗಿ ಕೇಳುವ ಆಟವಾಗಿತ್ತು; ರೇಡಿಯೊ ಇದ್ದ ಚಹಾದಂಗಡಿಯೇ ಕ್ರೀಡಾಂಗಣ.

ಆ ಕ್ರೀಡಾಂಗಣದಲ್ಲಿ ಬಹುಮತ ಮುಂಬಯಿಯ ಕಡೆಗಿತ್ತು. ನೂರು ವರ್ಷದ ಋಣ ಒಂದು ಕಡೆ. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ವರ್ಷ ರಣಜಿ ಗೆದ್ದ ತಂಡದ ವರ್ಚಸ್ಸು ಇನ್ನೊಂದು ಕಡೆ. 1973ರ ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಮರುವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಉಪಾಂತ್ಯ ಪಂದ್ಯ. ವಿಶ್ವನಾಥ್ 162 ಓಟ ಹೊಡೆದರು, ಬ್ರಿಜೇಶ್ ಪಟೇಲ್ 106. ಪ್ರಸನ್ನ ಅವರ ಚೆಂಡು ಗಾವಸ್ಕರ್ ಅವರ ಗೂಟ ಹಾರಿಸಿತು. ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಮುಂಬಯಿಯ ಹದಿನೈದು ವರ್ಷದ ಆಳಿಕೆ ಮುಗಿಯಿತು. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ಅವರ ತಂಡ ರಣಜಿಯನ್ನು ಮೊದಲ ಬಾರಿಗೆ ಕರ್ನಾಟಕಕ್ಕೆ ತಂದಿತು. ನಾನು ಆಗ ಹಳಿಯಾಳದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿ. ಪೇಟೆಯಲ್ಲಿ ನಾವು ಹುಡುಗರು ಕೂಗಾಡುತ್ತಿದ್ದಾಗ, ಮುಂಬಯಿಯ ಪಕ್ಷಪಾತಿಯಾಗಿದ್ದ ಹಿರಿಯರೊಬ್ಬರು ಹೇಳಿದ ಮಾತು ನೆನಪಿದೆ: "ತಮ್ಮಾ, ಇಷ್ಟು ವರ್ಷ ಮುಂಬಯಿ ಗೆದ್ದಾಗ ನಾವ ಗೆದ್ದೀವಿ ಅಂತಿದ್ವಿ. ಇನ್ನ ಮ್ಯಾಲ ಯಾರ ಗೆದ್ದರ ಹಂಗನ್ನೂದು?" ಆ ಪ್ರಶ್ನೆಯಲ್ಲಿ ಪರಿಹಾಸ್ಯವಿರಲಿಲ್ಲ. ಏಕೀಕರಣ ನಕ್ಷೆಯಲ್ಲಿ ನಡೆದದ್ದು 1956ರಲ್ಲಿ. ಚಹಾದಂಗಡಿಗಳಲ್ಲಿ ಅದು ನಡೆದದ್ದು 1974ರಲ್ಲಿ ಎಂದರೆ ಅತಿಶಯೋಕ್ತಿಯೇನೂ ಆಗದು.

ಜೋಯಿಡಾದ ಕಥೆ ಇಷ್ಟು ಸರಳವಲ್ಲ. ಕಾಳಿಯ ಅಣೆಕಟ್ಟಿನಿಂದ ಹಳೆಯ ಸೂಪಾ ಪಟ್ಟಣ ನೀರಿನ ಪಾಲಾಯಿತು. ಜನ ರಾಮನಗರ ಮೊದಲಾದ ಕಡೆ ಹೊಸ ಬದುಕು ಕಟ್ಟಿಕೊಂಡರು. ಗಡಿಯಾಚೆಯ ಗೋವೆ 1985-86ರಲ್ಲಿ ರಣಜಿಗೆ ಕಾಲಿಟ್ಟಾಗ, ಕೊಂಕಣಿ ಮನೆಮಾತಿನ ಅಲ್ಲಿಯ ತರುಣರಿಗೆ ಬೆಂಗಳೂರಿಗಿಂತ ಹತ್ತಿರದ ಇನ್ನೊಂದು ತಂಡ ದೊರೆಯಿತು. ಊರೇ ಎತ್ತಂಗಡಿಯಾದವನಿಗೆ 'ನಿನ್ನ ತಂಡ ಯಾವುದು' ಎಂದು ಕೇಳುವ ಅಧಿಕಾರ ನಮಗಿಲ್ಲ.

ಅಭಿಮಾನಿಗಳ ಜಗಳ ಮುಖ್ಯವಾಗಿ ಎರಡು ವಿಷಯಗಳ ಸುತ್ತ ತಿರುಗಿದ್ದನ್ನು ಕಂಡಿದ್ದೇನೆ. ಮೊದಲನೆಯದು ಮೊದಲ ಇನ್ನಿಂಗ್ಸಿನ ಮುನ್ನಡೆಯ ನಿಯಮ. 1981-82ರ ದೆಹಲಿಯ ಅಂತಿಮ ಪಂದ್ಯದಲ್ಲಿ ಕರ್ನಾಟಕ 705 ಓಟಗಳನ್ನು ಪೇರಿಸಿತು. ಇನ್ನು ಚಿಂತೆಯಿಲ್ಲವೆಂದು ರೇಡಿಯೊ ಆರಿಸಿದವರೂ ಉಂಟು. ದೆಹಲಿ ಎಂಟು ವಿಕೆಟ್ಟಿಗೆ 707 ಹೊಡೆಯಿತು. ಒಂಬತ್ತನೆಯ ವಿಕೆಟ್ಟಿಗೆ ಜೊತೆಗೂಡಿದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಅಲುಗಾಡಲಿಲ್ಲ. ದಿನಗಟ್ಟಲೆ ಆಡಿ ಎರಡು ಓಟದಲ್ಲಿ ತೀರ್ಪಾಗುವುದು ನ್ಯಾಯವೆ ಎಂದು ದಾಂಡೇಲಿಯ ಗೆಳೆಯರು ಬಹಳ ದಿನ ವಾದಿಸಿದರು. ನನಗೆ ಅದು ನ್ಯಾಯವೆಂದೇ ತೋರುತ್ತದೆ. 1974ರಲ್ಲಿ ಇದೇ ನಿಯಮ ನಮ್ಮನ್ನು ದಾಟಿಸಿದಾಗ ಯಾರೂ ತಕರಾರು ಮಾಡಿರಲಿಲ್ಲವಲ್ಲ!

ಎರಡನೆಯದು ವೇಳಾಪಟ್ಟಿ. ಇದು ಹೆಚ್ಚು ಗಂಭೀರವಾದುದು. ದಕ್ಷಿಣ ವಲಯದ ತಂಡಗಳು ತಮ್ಮತಮ್ಮಲ್ಲೇ ಆಡುತ್ತಿದ್ದ ಕಾಲದಲ್ಲಿ ತಮಿಳುನಾಡು, ಹೈದರಾಬಾದು, ಕೇರಳ, ಆಂಧ್ರಗಳೊಡನೆ ವರ್ಷವರ್ಷವೂ ಮುಖಾಮುಖಿ ಇರುತ್ತಿತ್ತು. ಹಗೆಯೂ ಸ್ನೇಹವೂ ಬೆಳೆಯಲು ಅವಕಾಶವಿತ್ತು. 2002-03ರಲ್ಲಿ ವಲಯಗಳ ಲೀಗ್ ರದ್ದಾಯಿತು. 2016-17ರಲ್ಲಂತೂ ಎಲ್ಲ ಪಂದ್ಯಗಳನ್ನೂ ತಟಸ್ಥ ನೆಲದಲ್ಲಿ ಆಡಿಸಿದರು. ಯಾವ ತಂಡಕ್ಕೂ ತವರಿನ ಪ್ರೇಕ್ಷಕರಿಲ್ಲ. ಪಿಚ್ಚಿನ ಪಕ್ಷಪಾತ ತಪ್ಪಿಸಲು ಹೂಡಿದ ಉಪಾಯವಂತೆ. ಒಂದೇ ವರ್ಷಕ್ಕೆ ಅದನ್ನು ಕೈಬಿಟ್ಟರು. 2020-21ರಲ್ಲಿ ಕೋವಿಡ್ ಕಾರಣದಿಂದ ರಣಜಿ ಆರಂಭವಾದಂದಿನಿಂದ ಮೊದಲ ಬಾರಿಗೆ ನಿಂತುಹೋಯಿತು. ಮರುವರ್ಷ ಐಪಿಎಲ್‌ಗೆ ಎಡೆಮಾಡಿಕೊಡಲು ಎರಡು ತುಂಡಾಯಿತು. 2024-25ರಲ್ಲಿಯೂ ನಡುವೆ ಚುಟುಕು ಪಂದ್ಯಗಳು ನುಗ್ಗಿದವು. ಒಂದು ಕಾದಂಬರಿಯ ಮೊದಲ ಭಾಗವನ್ನು ದೀಪಾವಳಿಯಲ್ಲಿ ಓದಿಸಿ, ಎರಡನೆಯದನ್ನು ಸಂಕ್ರಾಂತಿ ಕಳೆದ ಮೇಲೆ ಕೊಟ್ಟರೆ ಓದುಗನಿಗೆ ಪಾತ್ರಗಳ ಹೆಸರು ನೆನಪಿದ್ದೀತೆ? ಇಂಗ್ಲೆಂಡಿನ ಅಭಿಮಾನಿಗಳ ಗೋಳೂ ಇಂಥದೇ. 2021ರಲ್ಲಿ ನೂರು ಚೆಂಡುಗಳ ಹೊಸ ಪಂದ್ಯಾವಳಿ ಬಂದ ಮೇಲೆ ಬೇಸಗೆಯ ನಡುಭಾಗ ಅದರ ಪಾಲಾಗಿ, ಕೌಂಟಿಯ ನಾಲ್ಕು ದಿನದ ಆಟ ಬಹುಮಟ್ಟಿಗೆ ಋತುವಿನ ಚಳಿಯ ತುದಿಗಳಿಗೆ ಸರಿಯಿತು.

ಆದರೂ ಅವರಿಂದ ಕಲಿಯುವ ಒಂದು ಸಂಗತಿಯಿದೆ. ಕೌಂಟಿ ತಂಡಗಳು ಆಗಾಗ ಸಣ್ಣ ಊರುಗಳಿಗೆ ಹೋಗಿ ಆಡುವ ವಾಡಿಕೆ ಇಟ್ಟುಕೊಂಡಿವೆ. ಕೆಂಟ್ ಕೌಂಟಿಯ ಅಂಥ ಒಂದು ನೆಲೆ ಟನ್‌ಬ್ರಿಡ್ಜ್ ವೆಲ್ಸ್. 1983ರ ಜೂನ್ 18ರಂದು ಜಿಂಬಾಬ್ವೆಯೆದುರು 17 ಓಟಕ್ಕೆ ಐದು ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಕಪಿಲ್ ದೇವ್ ಔಟಾಗದೆ 175 ಹೊಡೆದು ಎತ್ತಿಹಿಡಿದದ್ದು ಆ ಸಣ್ಣ ಊರಿನ ಮೈದಾನದಲ್ಲಿ. ಒಂಬತ್ತನೆಯ ವಿಕೆಟ್ಟಿಗೆ ಜೊತೆನಿಂತು 126 ಓಟ ಕೂಡಿಸಿದವರು ನಮ್ಮ ಕಿರ್ಮಾನಿ. ಅಂದು ದೂರದರ್ಶನದ ಕ್ಯಾಮೆರಾ ಇರಲಿಲ್ಲ. ಆ ಆಟ ಉಳಿದಿರುವುದು ನೋಡಿದವರ ಬಾಯಿಯಲ್ಲಿ.

ಸಣ್ಣ ಊರಿನವರಿಗೆ ದೀರ್ಘ ಆಟ ನೋಡುವ ತಾಳ್ಮೆ ಇಲ್ಲವೆಂದು ದೊಡ್ಡ ನಗರಗಳ ಪಂಡಿತರು ಹೇಳುವುದುಂಟು. 2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ನಡೆದ ಅಂತಿಮ ಪಂದ್ಯವನ್ನು ಅವರು ಮರೆಯುತ್ತಾರೆ. ಮುಂಬಯಿ ಕೊಟ್ಟ 338ರ ಗುರಿಯ ಬೆನ್ನಟ್ಟಿ ಮನೀಷ್ ಪಾಂಡೆ 144 ಹೊಡೆದರು; ಕರ್ನಾಟಕ ಆರು ಓಟಗಳಿಂದ ಸೋತಿತು. ಕಿಕ್ಕಿರಿದ ಜನ ಕೊನೆಯ ವಿಕೆಟ್ ಬೀಳುವವರೆಗೆ ಕದಲಲಿಲ್ಲ. ಗದಗಿನ ಸುನಿಲ್ ಜೋಶಿಯವರು ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಮುಂಜಾನೆ ಹುಬ್ಬಳ್ಳಿಗೆ ಬಂದು ಶಾಲೆಯ ಹೊತ್ತಿಗೆ ಮರಳುತ್ತಿದ್ದರಂತೆ. 1999ರಲ್ಲಿ ನೈರೋಬಿಯಲ್ಲಿ ಹತ್ತು ಓವರುಗಳಲ್ಲಿ ಆರೇ ಓಟ ಕೊಟ್ಟು ಐದು ವಿಕೆಟ್ ಕಿತ್ತ ದಕ್ಷಿಣ ಆಫ್ರಿಕದೆದುರಿನ ಅವರ ಬೌಲಿಂಗಿನ ಹಿಂದೆ ಆ ಮುಂಜಾವಿನ ಪ್ರಯಾಣಗಳಿವೆ.

ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಮೈದಾನ ಹುಬ್ಬಳ್ಳಿಯ ರಾಜನಗರದ್ದು. ಹಳಿಯಾಳ, ಮುಂಡಗೋಡಗಳಿಂದ ಬೆಳಗಿನ ಬಸ್ಸು ಹಿಡಿದರೆ ಆಟದ ಆರಂಭಕ್ಕೆ ತಲುಪಬಹುದು. ಅಲ್ಲಿ ರಣಜಿ ನಡೆದಾಗ ಹೋದವರನ್ನು ಬಲ್ಲೆ. ಅವರಲ್ಲಿ ಹೆಚ್ಚಿನವರು ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು, ನಿವೃತ್ತ ಮಾಸ್ತರರು, ಭತ್ತದ ಸುಗ್ಗಿ ಮುಗಿಸಿದ ರೈತರು. ವಾರದ ನಡುವೆ ನಾಲ್ಕು ದಿನ ಬಿಡುವಿರುವವರು ಯಾರೆಂದು ಕೇಳುವವರಿಗೆ ಇಗೋ ಉತ್ತರ. ಇಪ್ಪತ್ತು ಓವರಿನ ಆಟವನ್ನು ನಾನು ಹಳಿಯುವವನಲ್ಲ. 2023ರಲ್ಲಿ ಹುಬ್ಬಳ್ಳಿಯ ತಂಡ ಮಹಾರಾಜ ಟ್ರೋಫಿಯನ್ನು ಗೆದ್ದಾಗ ನಮ್ಮ ಕಡೆಯ ಹುಡುಗರು ಹಿಗ್ಗಿದ್ದನ್ನು ಕಂಡಿದ್ದೇನೆ. ಆದರೆ 2025ರ ಜನವರಿಯಲ್ಲಿ ಕೊಹ್ಲಿಯವರು ಬಹುಕಾಲದ ಮೇಲೆ ರಣಜಿಗೆ ಮರಳಿದಾಗ ದೆಹಲಿಯಲ್ಲಿ ಸಾವಿರಗಟ್ಟಲೆ ಜನ ಸಾಲು ನಿಂತರು. ಅದೇ ವಾರ ಕೆ. ಎಲ್. ರಾಹುಲ್ ಬೆಂಗಳೂರಿನಲ್ಲಿ ಕರ್ನಾಟಕದ ಪರ ಆಡಿದರು. ಆಟಗಾರ ಬಂದರೆ ಪ್ರೇಕ್ಷಕ ಬರುತ್ತಾನೆ.

ದಾಂಡೇಲಿಯ ನನ್ನ ಗೆಳೆಯರೊಬ್ಬರು ಮೂವತ್ತು ವರ್ಷ ಪಾಳಿಯಲ್ಲಿ ದುಡಿದವರು. ಕ್ರಿಕೆಟ್ಟಿನ ಭವಿಷ್ಯದ ಬಗ್ಗೆ ಅವರ ಬೇಡಿಕೆ ಒಂದೇ: ವರ್ಷಕ್ಕೊಂದು ಪಂದ್ಯ ಹುಬ್ಬಳ್ಳಿಗೆ ಬರಲಿ, ಅದರ ತಾರೀಖು ಎರಡು ತಿಂಗಳ ಮೊದಲೇ ಗೊತ್ತಾಗಲಿ, ಗೊತ್ತಾದ ಮೇಲೆ ಬದಲಾಗದಿರಲಿ. "ಪಾಳಿ ಬದಲಿ ಮಾಡಿಕೊಳ್ಳೂದು ನಮಗ ಬಿಡ್ರಿ" ಎನ್ನುತ್ತಾರೆ.