ಲ್ಯಾಂಡ್ ರೋವರ್
ಇಂಗ್ಲೆಂಡಿನ ಸಾಲಿಹಲ್ ಪಟ್ಟಣದಲ್ಲಿ ಜನ್ಮತಳೆದ, ದುರ್ಗಮ ಮಾರ್ಗಗಳಲ್ಲಿ ಸಂಚರಿಸಲು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಒದಗುವಂತೆ ರಚಿತವಾದ ಬ್ರಿಟಿಷ್ ಮೋಟಾರು ವಾಹನಶ್ರೇಣಿ. ರೋವರ್ ಕಂಪನಿಯ ಪ್ರಧಾನ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ಅಮೆರಿಕದ ಯುದ್ಧಕಾಲೀನ ಜೀಪಿನಿಂದ ಪ್ರೇರಿತನಾಗಿ ರೂಪಿಸಿದ ಇದು 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಪ್ರಕಟವಾಯಿತು. ಯುದ್ಧಾನಂತರ ಉಕ್ಕು ದುರ್ಲಭವಾಗಿದ್ದುದರಿಂದ ಹೊರಮೈಗೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಲಾಗಿ, ಆ ಅಭಾವವೇ ಅದರ ತುಕ್ಕುನಿರೋಧಕ ಗುಣಕ್ಕೆ ಕಾರಣವಾಯಿತು. ಉಕ್ಕಿನ ಅಡಿಚೌಕಟ್ಟಿಗೆ ಮಾತ್ರ ಆ ಭಾಗ್ಯವಿರಲಿಲ್ಲ. 1970ರಲ್ಲಿ ಇದೇ ಶ್ರೇಣಿಯ ರೇಂಜ್ ರೋವರ್ ಎಂಬ ಮಾದರಿ ಹೊರಬಂದಿತು. 1994ರಲ್ಲಿ ಜರ್ಮನಿಯ ಬಿಎಂಡಬ್ಲ್ಯು, 2000ದಲ್ಲಿ ಅಮೆರಿಕದ ಫೋರ್ಡ್ ಇದರ ಒಡೆತನ ವಹಿಸಿಕೊಂಡವು. ಸ್ವತಃ ನಷ್ಟಕ್ಕೀಡಾದ ಫೋರ್ಡ್ ಇದನ್ನು ತನ್ನ ಒಡೆತನದ ಇನ್ನೊಂದು ಕಾರು ಕಂಪನಿ ಜಾಗ್ವಾರ್ ಸಹಿತ ವಿಕ್ರಯಕ್ಕಿಟ್ಟಾಗ ಭವಿಷ್ಯವು ಸಂದಿಗ್ಧವಾಗಿ, ಕಡೆಗೆ 2008ರಲ್ಲಿ ಮುಂಬಯಿಯ ಟಾಟಾ ಮೋಟಾರ್ಸ್ ಎರಡನ್ನೂ ಸುಮಾರು 230 ಕೋಟಿ ಡಾಲರಿಗೆ ಕೊಂಡಿತು. ಮೂಲ ಮಾದರಿಯ ಪರಂಪರೆಗೆ ಸೇರಿದ ಡಿಫೆಂಡರಿನ ನಿರ್ಮಾಣ 2016ರ ಜನವರಿಯಲ್ಲಿ ಸಾಲಿಹಲ್‌ನಲ್ಲಿ ನಿಂತಿತು. ಅದೇ ಹೆಸರಿನ ನೂತನ ವಾಹನವು ಸ್ಲೊವಾಕಿಯಾದ ನಿಟ್ರಾದಲ್ಲಿ ತಯಾರಾಗುತ್ತದೆ.