ಎಡವಿದವರನ್ನು ಏನು ಮಾಡುವುದು?

ಕ್ರಿ.ಶ. 249ರಲ್ಲಿ ಡೇಸಿಯಸ್ ರೋಮ್ ಸಾಮ್ರಾಜ್ಯದ ಚಕ್ರವರ್ತಿಯಾದ. ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಆತ ಒಂದು ಆಜ್ಞೆ ಹೊರಡಿಸಿದ. ಜನರು ಅಧಿಕಾರಿಗಳೆದುರು ದೇವತೆಗಳಿಗೆ ಬಲಿ ಅರ್ಪಿಸಿ, ಆ ಮಾಂಸವನ್ನು ತಿಂದು, ಅದಕ್ಕೆ ಪ್ರಮಾಣಪತ್ರ ಪಡೆಯಬೇಕು. ಅಂತಹ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ.

ಪ್ರವಾದಿ ಈಸಾ(ಅ)ರ ಅನುಯಾಯಿಗಳೆಂದು ಹೇಳಿಕೊಂಡವರಿಗೆ ಇದು ಕಠಿಣ ಪರೀಕ್ಷೆಯಾಯಿತು. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲಿ ಪ್ರಾಣ ತೆತ್ತರು. ಹಲವರು ಸೆರೆಮನೆ ಸೇರಿದರು. ಆದರೆ ಹೆದರಿ ಬಲಿ ಅರ್ಪಿಸಿದವರ ಸಂಖ್ಯೆಯೂ ದೊಡ್ಡದಿತ್ತು. ಕೆಲವರು ಬಲಿ ಅರ್ಪಿಸದೆ, ಲಂಚ ಕೊಟ್ಟು ಪತ್ರವನ್ನಷ್ಟೇ ಪಡೆದರು.

251ರಲ್ಲಿ ಡೇಸಿಯಸ್ ಯುದ್ಧದಲ್ಲಿ ಸತ್ತ. ಅಷ್ಟರಲ್ಲಿ ಕಿರುಕುಳದ ಬಿರುಸು ಇಳಿದಿತ್ತು. ಎಡವಿದವರು ಕಣ್ಣೀರಿಡುತ್ತಾ ಮರಳಿ ಬಂದರು. ಅವರನ್ನು ಏನು ಮಾಡುವುದು? ರೋಮಿನ ನೊವೇಷಿಯನ್ ಎಂಬ ವಿದ್ವಾಂಸ, ಅವರಿಗೆ ಸಭೆಯಲ್ಲಿ ಮತ್ತೆ ಸ್ಥಾನವಿಲ್ಲ ಎಂದ. ಇತ್ತ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ, ಸೆರೆವಾಸ ಅನುಭವಿಸಿದ ಕೆಲವರು ಕೇಳಿದವರಿಗೆಲ್ಲ ಕ್ಷಮಾಪತ್ರ ಕೊಡತೊಡಗಿದ್ದರು.

ಕಾರ್ತೇಜಿನ ಬಿಷಪ್ ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಅಲ್ಲಿ ಸೇರಿದ ಬಿಷಪ್‌ಗಳ ಸಭೆ ಮಧ್ಯಮ ಮಾರ್ಗ ಹಿಡಿಯಿತು. ಪತ್ರವನ್ನಷ್ಟೇ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕು; ಬಲಿ ಅರ್ಪಿಸಿದವರು ದೀರ್ಘಕಾಲ ಪಶ್ಚಾತ್ತಾಪದಲ್ಲಿರಬೇಕು, ಮರಣಶಯ್ಯೆಯಲ್ಲಿ ಅವರನ್ನು ಸ್ವೀಕರಿಸಬೇಕು. ಮತ್ತೆ ಕಿರುಕುಳದ ಸುಳಿವು ಸಿಕ್ಕಾಗ ಈ ನಿಯಮವನ್ನೂ ಸಡಿಲಿಸಿ, ಪಶ್ಚಾತ್ತಾಪದಲ್ಲಿ ಉಳಿದಿದ್ದವರನ್ನು ಒಳಗೆ ಕರೆದುಕೊಂಡರು. ಬರಲಿರುವ ಪರೀಕ್ಷೆಯನ್ನು ಅವರು ಒಂಟಿಯಾಗಿ ಎದುರಿಸಬಾರದು ಎಂಬುದೇ ಅದರ ಕಾರಣ.

ಸ್ವತಃ ಸಿಪ್ರಿಯನ್ ಡೇಸಿಯಸನ ಕಾಲದಲ್ಲಿ ಅಡಗಿದ್ದವರು. ಅದಕ್ಕಾಗಿ ಟೀಕೆ ಕೇಳಿದವರು. ಆದರೆ 258ರ ಸೆಪ್ಟೆಂಬರ್ 14ರಂದು, ವಲೇರಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಬಲಿ ಅರ್ಪಿಸಲು ನಿರಾಕರಿಸಿ ಕತ್ತಿಗೆ ತಲೆಯೊಡ್ಡಿದರು. ಅಂದು ಅಡಗಿದವನೆಂದು ಅವರನ್ನು ದೂರವಿಟ್ಟಿದ್ದರೆ, ಈ ಸ್ಥೈರ್ಯವನ್ನು ಆ ಸಮುದಾಯ ಕಾಣುತ್ತಿರಲಿಲ್ಲ.

ನೊವೇಷಿಯನ್‌ನ ಪಂಗಡ ಬೇರೆಯಾಗಿ ಕೆಲವು ಶತಮಾನ ಉಳಿದು, ಕೊನೆಗೆ ಕಣ್ಮರೆಯಾಯಿತು. ಬಾಗಿಲು ತೆರೆದಿಟ್ಟ ಸಭೆ ಬೆಳೆಯಿತು. ಅದರ ಬೆಳವಣಿಗೆಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಹೆದರಿ ಜಾರಿದವನನ್ನು ಶತ್ರುವಿನ ಸಾಲಿಗೆ ತಳ್ಳದೆ, ಅವನ ತಪ್ಪನ್ನು ಹಗುರಾಗಿಯೂ ಕಾಣದೆ, ತೌಬಾದ ದಾರಿ ತೋರಿಸುವುದು ಯಾವ ಸಮುದಾಯಕ್ಕೂ ಬೇಕಾದ ವಿವೇಕ. ನಮ್ಮ ಮನೆ, ಮೊಹಲ್ಲಾಗಳಲ್ಲಿ ದಾರಿ ತಪ್ಪಿದ ಮಕ್ಕಳ ವಿಷಯದಲ್ಲಿ ತೀರ್ಪು ಹೇಳುವ ಮುನ್ನ ಇದನ್ನು ನೆನೆಯೋಣ.