ಓದು ಬಾರದವರನ್ನೂ ಮುಟ್ಟಿದ ಪತ್ರಿಕೆ

ಹೊಸ ಮಾಧ್ಯಮ ಬಂದಾಗೆಲ್ಲ ‘ಇನ್ಮೇಲೆ ಜನ ರಾಜಕೀಯಕ್ಕೆ ಇಳೀತಾರೆ’ ಅನ್ನೋ ಮಾತು ಕೇಳಿಬರುತ್ತೆ. ಇದು ಎಷ್ಟು ನಿಜ? ಪುಣೆ-ಮುಂಬೈಯ ಒಂದು ಹಳೇ ಕಥೆ ನೋಡೋಣ.

1881ರ ಜನವರಿಯಲ್ಲಿ ಪುಣೆಯಿಂದ ‘ಕೇಸರಿ’ ಎಂಬ ಮರಾಠಿ ಪತ್ರಿಕೆ ಶುರುವಾಯಿತು. ಮೊದಲ ಸಂಪಾದಕರು ಅಗರ್ಕರ್. ಮುಂದೆ ಅದು ಬಾಲಗಂಗಾಧರ ತಿಲಕರ ಕೈಗೆ ಬಂತು. ಆದರೆ ಓದೋರು ಎಷ್ಟು ಜನ? 1901ರ ಜನಗಣತಿಯಲ್ಲೂ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ ಮಾತ್ರ. ಆ ಲೆಕ್ಕದಲ್ಲಿ ‘ಕೇಸರಿ’ ಓದುಬಲ್ಲ ಕೆಲವೇ ಮನೆಗಳಲ್ಲಿ ಉಳಿಯಬೇಕಿತ್ತು.

ಹಾಗಾಗಲಿಲ್ಲ. ಒಬ್ಬರು ಗಟ್ಟಿಯಾಗಿ ಓದಿದರೆ ಸುತ್ತ ಕೂತವರು ಕೇಳುತ್ತಿದ್ದರು. 1890ರ ದಶಕದಲ್ಲಿ ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದು, ಭಾಷಣಕ್ಕೂ ಮೇಳದ ಹಾಡಿಗೂ ಜಾಗ ಮಾಡಿಕೊಟ್ಟರು. ಸ್ವದೇಶಿ ಚಳವಳಿಯ ಕಾಲದಲ್ಲಿ ಮುಂಬೈಯ ಗಿರಣಿ ಕಾರ್ಮಿಕರ ಮುಂದೆಯೂ ಮಾತಾಡಿದರು. ಅಚ್ಚಾದ ಸುದ್ದಿ ಬಾಯಿಮಾತಾಯಿತು. ಬಾಯಿಮಾತು ಜನರನ್ನು ಒಂದು ಕಡೆ ಸೇರಿಸಿತು.

ಇದರ ಬಲ ಗೊತ್ತಾಗಿದ್ದು 1908ರಲ್ಲಿ. ‘ಕೇಸರಿ’ಯ ಬರಹಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು, ಜುಲೈ 22ರಂದು ಆರು ವರ್ಷದ ಶಿಕ್ಷೆಯಾಯಿತು. ಮುಂಬೈಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಮುಷ್ಕರ ಹೂಡಿದರು. ಸೈನ್ಯ ಬಂತು, ಗುಂಡು ಹಾರಿತು, ಜನ ಸತ್ತರು. ಅವರಲ್ಲಿ ಬಹುತೇಕರಿಗೆ ಓದೋಕೇ ಬರುತ್ತಿರಲಿಲ್ಲ! ಎರಡು ವರ್ಷದಲ್ಲಿ, 1910ರಲ್ಲಿ, ಸರ್ಕಾರ ಪತ್ರಿಕೆಗಳಿಂದ ಠೇವಣಿ ಕೇಳುವ ಪ್ರೆಸ್ ಕಾಯ್ದೆ ತಂದಿತು.

ಅಂದರೆ ಮಾಧ್ಯಮ ಒಂದೇ ಯಾರನ್ನೂ ಬೀದಿಗೆ ತರಲಿಲ್ಲ. ಅದರ ಸುತ್ತ ಕೂಡುವ ಜಾಗ ಇತ್ತು, ಅಕ್ಕಪಕ್ಕದವರ ಮಾತಿತ್ತು.

ಈಗ ನಮ್ಮನ್ನೇ ನೋಡಿ. ಎಲ್ಲರಿಗೂ ಓದು ಬರುತ್ತೆ, ಎಲ್ಲರ ಕೈಲೂ ಫೋನಿದೆ. ಪುಣೆಯ ಫ್ಲಾಟಿನಲ್ಲಿ ಕೂತು ವಿಧಾನಸೌಧದ ಚರ್ಚೆಯನ್ನು ಮಧ್ಯರಾತ್ರಿವರೆಗೆ ನೋಡ್ತೀವಿ, ಫಾರ್ವರ್ಡ್ ಮಾಡ್ತೀವಿ. ವೋಟು ಮಾತ್ರ ಇನ್ನೂ ಊರಲ್ಲಿದೆ. ಮತದಾನದ ದಿನ ರಜೆ ಸಿಗಲ್ಲ, ಬಸ್ ಟಿಕೆಟ್ ಸಿಗಲ್ಲ. ಇಲ್ಲಿ ನೀರಿನ ಟ್ಯಾಂಕರಿಗೆ ದುಡ್ಡು ಕೊಡ್ತೀವಿ, ಆದರೆ ನಮ್ಮ ವಾರ್ಡಿನ ನಗರಸೇವಕ ಯಾರು ಅಂತ ಎಷ್ಟು ಜನ ಹೇಳಬಲ್ಲೆವು?

ಒಬ್ಬೊಬ್ಬರೇ ನೋಡಿದ್ದು ಮನಸ್ಸಿನ ಬಿಸಿಯಾಗಿಯೇ ಉಳಿಯುತ್ತೆ. ಕೂತು ಮಾತಾಡಿದರೆ ಮಾತ್ರ ಅದು ಕೆಲಸವಾಗುತ್ತೆ. ಮುಂದಿನ ಸೊಸೈಟಿ ಮೀಟಿಂಗಿಗೆ ಹೋಗಿ. ಇಲ್ಲೇ ನೆಲೆಸಿದ್ದರೆ ಫಾರ್ಮ್ 8 ತುಂಬಿ ವೋಟನ್ನು ಇಲ್ಲಿಗೆ ತನ್ನಿ.